ನೀರಿನ ಬಾಟಲಿಯಲ್ಲಿ ಆ್ಯಸಿಡ್

(ಮಹಿಳಾ ದಿನಾಚರಣೆಯ ಅಂಗವಾಗಿ ನಮ್ಮ ಮಹಿಳಾ ವಿಭಾಗವು ಸ್ವಂತ ಉದ್ಯಮ ನಡೆಸುವ ಸದಸ್ಯೆಯರಿಗಾಗಿ ಏರ್ಪಡಿಸಿದ್ದ ಕಾರ್ಯಕ್ರಮದಲ್ಲಿ ಮಾಡಿದ ಭಾಷಣ)



ಭಾಷಣ ಮಾಡಿ ಅಭ್ಯಾಸ ಇರುವವಳು ನಾನಲ್ಲ. ಡೊಂಬಿವಲಿಯಲ್ಲಿ ಒಂದು ಗಾಲಾ ಬಾಡಿಗೆಗೆ ಹಿಡಿದು ಇಪ್ಪತ್ತು ವರ್ಷಗಳಿಂದ ಕೇಟರಿಂಗ್ ನಡೆಸುತ್ತಿದ್ದೇನೆ. ನಿಮ್ಮಲ್ಲಿ ಹಲವರ ಮನೆಯ ಸೀಮಂತಕ್ಕೆ, ಗೃಹಪ್ರವೇಶಕ್ಕೆ ನಮ್ಮ ಊಟ ಬಂದಿದೆ. ಇವತ್ತು ಅಡುಗೆಯ ಬಗ್ಗೆ ಮಾತಾಡಿ ಅಂದಿದ್ದರೆ ನನಗೆ ಸುಲಭವಿತ್ತು. ಆದರೆ ಸುರಕ್ಷತೆಯ ಬಗ್ಗೆ ಮಾತಾಡುತ್ತೇನೆ ಅಂತ ನಾನೇ ಕೇಳಿಕೊಂಡೆ. ಮಾರ್ಚ್ 8 ಮಹಿಳಾ ದಿನ ಅನ್ನುವುದು ನಮಗೆಲ್ಲ ಗೊತ್ತು. ಅದಕ್ಕೆ ನಾಲ್ಕು ದಿನ ಮೊದಲು, ಮಾರ್ಚ್ 4, ರಾಷ್ಟ್ರೀಯ ಸುರಕ್ಷತಾ ದಿನ. 1966ರಲ್ಲಿ ರಾಷ್ಟ್ರೀಯ ಸುರಕ್ಷತಾ ಮಂಡಳಿ ಸ್ಥಾಪನೆಯಾದ ದಿನ ಅದು. ಆ ಮಂಡಳಿಯ ಕೇಂದ್ರ ಕಚೇರಿ ಇಲ್ಲೇ ನಮ್ಮ ನವಿ ಮುಂಬಯಿಯಲ್ಲಿದೆ. ಆದರೂ ಆ ದಿನ ಯಾವುದು ಅಂತ ನನಗೆ ಎಷ್ಟೋ ವರ್ಷ ಗೊತ್ತಿರಲಿಲ್ಲ. ಗೊತ್ತಾಗುವುದಕ್ಕೆ ಒಬ್ಬ ಹುಡುಗಿ ಆಸ್ಪತ್ರೆ ಸೇರಬೇಕಾಯಿತು.

ಆ ವಿಷಯ ಇದುವರೆಗೆ ಹೊರಗೆ ಯಾರ ಹತ್ತಿರವೂ ಪೂರ್ತಿ ಹೇಳಿರಲಿಲ್ಲ. ಇವತ್ತು ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ಒಂದು ಕಂಪನಿಯಿಂದ ನಮಗೆ ದಿನಕ್ಕೆ ಇನ್ನೂರು ಊಟದ ಆರ್ಡರ್ ಸಿಗುವುದರಲ್ಲಿತ್ತು. ನಮ್ಮಂಥವರಿಗೆ ಅದು ದೊಡ್ಡ ಮಾತು. ಆದರೆ ಮೊದಲು ಅವರ ಕಡೆಯವರು ಬಂದು ಅಡುಗೆಮನೆ ತಪಾಸಣೆ ಮಾಡಬೇಕಿತ್ತು. ನಾವು ಎರಡು ದಿನ ಮೊದಲಿನಿಂದ ಉಜ್ಜಿದ್ದೇ ಉಜ್ಜಿದ್ದು. ಪಾತ್ರೆ ಮಿನುಗುತ್ತಿತ್ತು, ಗೋಡೆಯ ಟೈಲ್ಸ್ ಮಿನುಗುತ್ತಿತ್ತು. ಉಳಿದದ್ದು ಹಿಂದಿನ ಬಚ್ಚಲು. ಅದನ್ನು ತಪಾಸಣೆಯ ದಿನ ಬೆಳಿಗ್ಗೆ ನಮ್ಮ ಕೆಲಸದ ಹುಡುಗಿಗೆ ಒಪ್ಪಿಸಿದೆ. ಅವಳು ಕಲಬುರಗಿ ಕಡೆಯವಳು. ಕೆಲಸಕ್ಕೆ ಸೇರಿ ಆರು ತಿಂಗಳಾಗಿತ್ತು.

ಬಾಗಿಲಿಗೆ ಬರುವವನ ಹತ್ತಿರ ನಾನು ಲೂಸ್ ಆ್ಯಸಿಡ್, ಲೂಸ್ ಬ್ಲೀಚ್ ತೆಗೆದುಕೊಳ್ಳುತ್ತಿದ್ದೆ. ಕಂಪನಿಯದ್ದಕ್ಕಿಂತ ಅರ್ಧ ಬೆಲೆ. ಎರಡನ್ನೂ ಖಾಲಿಯಾದ ನೀರಿನ ಬಾಟಲಿಗೆ ತುಂಬಿಸಿ ಬಚ್ಚಲ ಮೂಲೆಯಲ್ಲಿ ಇಡುತ್ತಿದ್ದೆವು. ಚೀಟಿ ಇಲ್ಲ, ಹೆಸರಿಲ್ಲ. ಯಾವುದು ಯಾವುದು ಅಂತ ನನಗೆ ಗೊತ್ತಿತ್ತು. ನನಗೆ ಗೊತ್ತಿದ್ದರೆ ಸಾಕು ಅಂದುಕೊಂಡಿದ್ದೆ.

ಹುಡುಗಿ ಮೊದಲು ಒಂದನ್ನು ಸುರಿದಳು. ಕಲೆ ಹೋಗಲಿಲ್ಲ. ಅದರ ಮೇಲೆಯೇ ಇನ್ನೊಂದನ್ನೂ ಸುರಿದಳು. ಬಾಗಿಲು ಮುಚ್ಚಿತ್ತು, ಬಚ್ಚಲಿಗೆ ಕಿಟಕಿ ಇರಲಿಲ್ಲ. ಕೆಮ್ಮಿನ ಸದ್ದು ಕೇಳಿ ನಾನು ಓಡಿಹೋಗಿ ಬಾಗಿಲು ತೆಗೆದಾಗ ಕಣ್ಣು ಬಿಡಲಾಗದಷ್ಟು ಘಾಟು. ಅವಳು ನೆಲದ ಮೇಲೆ ಕುಸಿದಿದ್ದಳು.

ಅದು ಕ್ಲೋರಿನ್ ಅನಿಲ. ಬ್ಲೀಚ್ ಅಂದರೆ ಸೋಡಿಯಂ ಹೈಪೋಕ್ಲೋರೈಟ್. ಅದಕ್ಕೆ ಆ್ಯಸಿಡ್ ಸೇರಿದರೆ ಕ್ಲೋರಿನ್ ಹೊರಬರುತ್ತದೆ. ಕಕ್ಕಸು ತೊಳೆಯುವ ಹಲವು ದ್ರವಗಳಲ್ಲಿ ಹೈಡ್ರೋಕ್ಲೋರಿಕ್ ಆ್ಯಸಿಡ್ ಇರುತ್ತದೆ, ಹಾಗಾಗಿ ಮನೆಯಲ್ಲೂ ಇದು ಆಗಬಹುದು. ಕ್ಲೋರಿನ್ ಗಾಳಿಗಿಂತ ಎರಡೂವರೆ ಪಟ್ಟು ಭಾರ, ಕೆಳಗೇ ನಿಲ್ಲುತ್ತದೆ. ಕೂತು ಬಗ್ಗಿ ನೆಲ ಉಜ್ಜುವವಳ ಮೂಗಿಗೆ ಅದು ಮೊದಲು ತಾಗುತ್ತದೆ.

ಈಗ ನನ್ನ ತಪ್ಪಿನ ಎರಡನೇ ಭಾಗ. ಆಸ್ಪತ್ರೆಯಲ್ಲಿ ಡಾಕ್ಟರು ಏನಾಯಿತು ಅಂತ ಕೇಳಿದಾಗ ನಾನು, ಅಡುಗೆಮನೆಯ ಹೊಗೆ ತಾಗಿತು ಅಂದೆ. ಪೊಲೀಸ್ ಕೇಸ್ ಆದರೆ? ಆರ್ಡರ್ ಹೋದರೆ? ಅವಳು ಉಸಿರಿಗೆ ಒದ್ದಾಡುತ್ತಿದ್ದಾಗ ನನ್ನ ತಲೆಯಲ್ಲಿ ಇದ್ದದ್ದು ಇದು. ಡಾಕ್ಟರು ಅವಳ ಸೀರೆಯ ವಾಸನೆ ನೋಡಿ ಮತ್ತೆ ಕೇಳಿದರು. "ನಿಜ ಹೇಳಿ. ಯಾವುದಕ್ಕೆ ಯಾವುದು ಸೇರಿಸಿದರು? ಬಾಟಲಿ ತಂದಿದ್ದೀರಾ?" ಆಗ ಹೇಳಿದೆ. ಅಷ್ಟರಲ್ಲಿ ಅರ್ಧ ಗಂಟೆ ಕಳೆದಿತ್ತು.

ಅವಳು ಉಳಿದಳು. ಮೂರು ದಿನ ಆಸ್ಪತ್ರೆ, ಆಮೇಲೆ ಎರಡು ತಿಂಗಳು ಕೆಮ್ಮು. ಡಾಕ್ಟರು ಒಂದು ಮಾತು ಹೇಳಿದರು, ನೀವೂ ನೆನಪಿಡಿ. ಇಂಥ ಅನಿಲ ಕುಡಿದವರು ಹೊರಗೆ ಬಂದ ಮೇಲೆ ಸರಿಹೋದಂತೆ ಕಂಡರೂ ಕೆಲವು ಗಂಟೆಗಳ ನಂತರ ಶ್ವಾಸಕೋಶದಲ್ಲಿ ನೀರು ತುಂಬಿ ಉಸಿರಾಟ ಕೆಡಬಹುದು. ಆದ್ದರಿಂದ "ಈಗ ಆರಾಮ ಇದ್ದಾಳೆ, ಮನೆಗೆ ಕಳಿಸೋಣ" ಅನ್ನಬಾರದು.

ಅದೇ ದಿನ ಹನ್ನೊಂದು ಗಂಟೆಗೆ ತಪಾಸಣೆಯವರು ಬಂದರು. ನನ್ನ ನಾದಿನಿ ಅವರನ್ನು ಸುಧಾರಿಸಿದಳು. ಲೈಸೆನ್ಸ್, ಕೆಲಸಗಾರರ ಆರೋಗ್ಯ ಸರ್ಟಿಫಿಕೇಟ್, ನೀರಿನ ಪರೀಕ್ಷೆಯ ವರದಿ, ಎಲ್ಲ ಕಾಗದವೂ ಸರಿ ಇತ್ತು. ನಾವು ಪಾಸಾದೆವು! ಸಂಜೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದಾಗ ಆ ಸಂತೋಷದ ಫೋನ್ ಬಂತು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಅಕ್ಕತಂಗಿಯರೆ, ತಪಾಸಣೆ ಅಂದರೆ ಯಾರೋ ಬಂದು ನೋಡಿಹೋಗುವುದು ಅಂತ ನಾವು ತಿಳಿದಿದ್ದೇವೆ. ಅವರು ಬರುವ ದಿನ ಎಲ್ಲ ಚೆನ್ನಾಗಿ ಕಾಣಬೇಕು, ಅಷ್ಟೆ. ಆದರೆ ನಮ್ಮಂಥ ಸಣ್ಣವರ ಹತ್ತಿರ ಬರುವವರೇ ಕಡಿಮೆ. 1948ರ ಕಾರ್ಖಾನೆ ಕಾಯ್ದೆ ಮೊದಲು ಲೆಕ್ಕ ಹಿಡಿದದ್ದು ವಿದ್ಯುತ್ ಬಳಸುವ ಜಾಗದಲ್ಲಿ 10 ಕೆಲಸಗಾರರು, ಬಳಸದ ಜಾಗದಲ್ಲಿ 20. ಮಹಾರಾಷ್ಟ್ರದಲ್ಲಿ ಅದನ್ನು ಆಮೇಲೆ 20 ಮತ್ತು 40ಕ್ಕೆ ಏರಿಸಿದರು. ಏಳೆಂಟು ಜನ ಇಟ್ಟುಕೊಂಡ ನಾವು ಆ ಲೆಕ್ಕದ ಹೊರಗೆ. ಆದರೆ ಏಳು ಜನ ಇರುವ ಜಾಗದಲ್ಲಿ ಆ್ಯಸಿಡ್ ಸುಡುವುದಿಲ್ಲವೇ? ಗ್ಯಾಸ್ ಹೊತ್ತಿಕೊಳ್ಳುವುದಿಲ್ಲವೇ?

ನಮ್ಮ ಮುಂಬಯಿಯಲ್ಲೇ ನೋಡಿ. 2015ರ ಅಕ್ಟೋಬರ್‌ನಲ್ಲಿ ಕುರ್ಲಾದ ಒಂದು ಸಣ್ಣ ಹೋಟೆಲ್‌ನಲ್ಲಿ ಗ್ಯಾಸ್ ಸೋರಿ ಬೆಂಕಿ ಹತ್ತಿತು. ಊಟಕ್ಕೆ ಬಂದಿದ್ದ ಕಾಲೇಜು ವಿದ್ಯಾರ್ಥಿಗಳೂ ಸೇರಿ 8 ಜನ ಹೋದರು. 2017ರ ಡಿಸೆಂಬರ್ 18ರಂದು ಸಾಕಿನಾಕಾದ ಫರ್ಸಾಣ್ ಅಂಗಡಿಯಲ್ಲಿ ನಸುಕಿನಲ್ಲಿ ಬೆಂಕಿ ಹತ್ತಿ 12 ಕೆಲಸಗಾರರು ಸತ್ತರು. ಕೆಲಸ ಮಾಡುವ ಜಾಗದಲ್ಲೇ ಮಲಗುತ್ತಿದ್ದವರು ಅವರು. ನಮ್ಮಲ್ಲಿ ಎಷ್ಟು ಜನರ ಹೋಟೆಲ್‌ಗಳಲ್ಲಿ, ಅಂಗಡಿಗಳಲ್ಲಿ ಹುಡುಗರು ಅಟ್ಟದ ಮೇಲೆ ಮಲಗುತ್ತಾರೆ? ಊರಿನಿಂದ ಬರುವಾಗ ಅವರ ತಾಯಂದಿರು ನಮ್ಮನ್ನು ನಂಬಿ ಕಳಿಸಿರುತ್ತಾರೆ. ಕೆಳಗೆ ಸಿಲಿಂಡರ್, ಮೇಲೆ ಅವರ ಹಾಸಿಗೆ, ಇಳಿಯಲು ಒಂದೇ ಏಣಿ. ಇದನ್ನು ಒಪ್ಪಲಾಗದು.

ನಾನು ಈಗ ಮಾಡುವುದನ್ನು ಹೇಳುತ್ತೇನೆ. ಪ್ರತಿ ಸೋಮವಾರ ಬೆಳಿಗ್ಗೆ ಒಲೆ ಹಚ್ಚುವ ಮೊದಲು ಹದಿನೈದು ನಿಮಿಷ, ನಮ್ಮ ತಪಾಸಣೆ ನಾವೇ ಮಾಡುತ್ತೇವೆ.

ಮೊದಲು ಗ್ಯಾಸ್. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗದೆ ನೆಲದ ಮೇಲೆ ಹರಡಿ ಮೋರಿಯಲ್ಲಿ, ಮೂಲೆಯಲ್ಲಿ ಕೂರುತ್ತದೆ. ಆದ್ದರಿಂದ ಗಾಳಿ ಹೋಗುವ ದಾರಿ ಕೆಳಗೂ ಬೇಕು. ರಬ್ಬರ್ ಪೈಪಿನ ಮೇಲೆ ತಾರೀಕು ಇರುತ್ತದೆ, ಐದು ವರ್ಷದೊಳಗೆ ಬದಲಾಯಿಸಬೇಕು. ಬಿರುಕು ಕಂಡರೆ ಅವತ್ತೇ. ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದೆಯೇ ನೋಡುತ್ತೇವೆ, ಬೆಂಕಿಕಡ್ಡಿ ಗೀರಿ ನೋಡುವುದಿಲ್ಲ. ಸಿಲಿಂಡರ್ ಹಿಡಿಕೆಯ ಹತ್ತಿರ ಎ, ಬಿ, ಸಿ, ಡಿ ಅಂತ ಒಂದು ಅಕ್ಷರ, ಪಕ್ಕದಲ್ಲಿ ವರ್ಷ ಬರೆದಿರುತ್ತದೆ. ಎ ಅಂದರೆ ಜನವರಿಯಿಂದ ಮಾರ್ಚ್, ಬಿ ಅಂದರೆ ಏಪ್ರಿಲ್‌ನಿಂದ ಜೂನ್, ಹೀಗೆ. ಅದು ಸಿಲಿಂಡರನ್ನು ಮತ್ತೆ ಪರೀಕ್ಷೆಗೆ ಒಳಪಡಿಸಬೇಕಾದ ಗಡುವು. ಗಡುವು ದಾಟಿದ್ದನ್ನು ಇಳಿಸಿಕೊಳ್ಳಬೇಡಿ. ಹಬ್ಬದ ಸೀಸನ್ ಅಂತ ಸಿಲಿಂಡರ್ ಪೇರಿಸಿಡುವವರಿಗೆ ಇನ್ನೊಂದು ಲೆಕ್ಕ: ಲೈಸೆನ್ಸ್ ಇಲ್ಲದೆ ಒಂದು ಜಾಗದಲ್ಲಿ ಇಡಬಹುದಾದದ್ದು ಒಟ್ಟು 100 ಕಿಲೋ. 19 ಕಿಲೋದ ಕಮರ್ಷಿಯಲ್ ಸಿಲಿಂಡರ್ ಐದಾದರೆ 95 ಕಿಲೋ, ಆರನೆಯದು ಬಂದರೆ ಮಿತಿ ದಾಟಿತು.

ವಾಸನೆ ಬಂದರೆ ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆರೆದು ಎಲ್ಲರೂ ಹೊರಗೆ. ಲೈಟ್ ಆಗಲಿ, ಎಕ್ಸಾಸ್ಟ್ ಫ್ಯಾನ್ ಆಗಲಿ ಹಾಕಬಾರದು, ಆರಿಸಲೂಬಾರದು. ಸ್ವಿಚ್ಚಿನ ಒಂದು ಕಿಡಿ ಸಾಕು. ಫೋನ್ ಕೂಡ ಹೊರಗೆ ಹೋಗಿಯೇ ಮಾಡಬೇಕು. ಗ್ಯಾಸ್ ಸೋರಿಕೆಗೆ 1906, ಬೆಂಕಿಗೆ 101. ಈ ನಂಬರ್‌ಗಳನ್ನು ಬಾಗಿಲ ಹೊರಗಡೆ ಬರೆದಿದ್ದೇನೆ. ಒಳಗೆ ಬರೆದರೆ ಓಡಿ ಬಂದವರಿಗೆ ಏನು ಪ್ರಯೋಜನ?

ಎರಡನೆಯದು ತೊಳೆಯುವ ಸಾಮಾನು. ಈಗ ನಮ್ಮಲ್ಲಿ ಲೂಸ್ ಇಲ್ಲ. ಅದು ಬಂದ ಡಬ್ಬದಲ್ಲೇ ಇರಬೇಕು, ಊಟತಿಂಡಿಯ ಸಾಮಾನಿನಿಂದ ದೂರ, ಬೇರೆ ಕಪಾಟಿನಲ್ಲಿ. ಆ್ಯಸಿಡ್ ಒಂದು ಕಡೆ, ಬ್ಲೀಚ್ ಇನ್ನೊಂದು ಕಡೆ. ಓದಲು ಬಾರದವರಿಗಾಗಿ ಆ್ಯಸಿಡ್ ಡಬ್ಬಕ್ಕೆ ಕೆಂಪು ಪಟ್ಟಿ, ಬ್ಲೀಚ್‌ಗೆ ನೀಲಿ ಪಟ್ಟಿ. ಕೆಂಪು ನೀಲಿ ಒಟ್ಟಿಗೆ ಸೇರಬಾರದು, ಅಷ್ಟು ತಿಳಿದರೆ ಸಾಕು. ಇಂಗ್ಲಿಷಿನಲ್ಲಿ ಚೀಟಿ ಅಂಟಿಸಿ ನಮ್ಮ ಜವಾಬ್ದಾರಿ ಮುಗಿಯಿತು ಅಂದುಕೊಳ್ಳಬಾರದು. ಚೀಟಿ ಇರುವುದು ಅದನ್ನು ಕೈಯಲ್ಲಿ ಹಿಡಿಯುವವರಿಗೆ.

ಇಲ್ಲಿ ಫಿನಾಯಿಲ್, ಸೋಪು ತಯಾರಿಸುವ ಸದಸ್ಯೆಯರೂ ಇದ್ದೀರಿ. ಕಾಸ್ಟಿಕ್ ಸೋಡಾವನ್ನು ನೀರಿಗೆ ಸ್ವಲ್ಪ ಸ್ವಲ್ಪವಾಗಿ ಹಾಕಬೇಕು. ಕಾಸ್ಟಿಕ್ ಮೇಲೆ ನೀರು ಸುರಿದರೆ ಕುದಿದು ಮುಖಕ್ಕೆ ಸಿಡಿಯುತ್ತದೆ. ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗ್ಲೌಸ್ ಇಲ್ಲದೆ ಮುಟ್ಟಬೇಡಿ. ಸಿಡಿದರೆ ಹರಿಯುವ ನೀರಿನಲ್ಲಿ ಕನಿಷ್ಠ ಹದಿನೈದು ನಿಮಿಷ ತೊಳೆದು ಡಾಕ್ಟರ ಹತ್ತಿರ ಹೋಗಿ. ಲಿಂಬೆರಸ, ವಿನೆಗರ್ ಹಚ್ಚುವ ಪ್ರಯೋಗ ಬೇಡ. ಬ್ಯೂಟಿ ಪಾರ್ಲರ್ ನಡೆಸುವವರು ನೈಲ್ ಪಾಲಿಶ್ ತೆಗೆಯುವ ಅಸಿಟೋನ್ ಬಾಟಲಿಯನ್ನು ದೇವರ ದೀಪದ, ವ್ಯಾಕ್ಸ್ ಹೀಟರಿನ ಹತ್ತಿರ ಇಡಬೇಡಿ. ಅದರ ಆವಿ ಹೊತ್ತಿಕೊಳ್ಳಲು ಬಿಸಿಲೂ ಬೇಕಾಗಿಲ್ಲ, ಕಿಡಿ ಒಂದಿದ್ದರೆ ಸಾಕು. ರಾಸಾಯನಿಕ ಮಾರುವವರ ಹತ್ತಿರ ಅದರ ಸುರಕ್ಷತಾ ಮಾಹಿತಿ ಪತ್ರ ಕೇಳಿ. ಒಳ್ಳೆಯ ವ್ಯಾಪಾರಿ ಕೊಡುತ್ತಾನೆ.

ಮೂರನೆಯದು ಬೆಂಕಿ ಆರಿಸುವ ಸಿಲಿಂಡರ್. ಮುಳ್ಳು ಹಸಿರಿನಲ್ಲಿದೆಯೇ? ಅದರ ಎದುರು ಅಕ್ಕಿಮೂಟೆ ಇಟ್ಟಿದ್ದೇವೆಯೇ? ಬಳಸಲು ಎಷ್ಟು ಜನರಿಗೆ ಬರುತ್ತದೆ? ಎಣ್ಣೆ ಬಾಣಲೆಗೆ ಬೆಂಕಿ ಹತ್ತಿದರೆ ನೀರು ಹಾಕಬಾರದು, ಗ್ಯಾಸ್ ಬಂದ್ ಮಾಡಿ ಮುಚ್ಚಳ ಮುಚ್ಚಬೇಕು. ಮಹಾರಾಷ್ಟ್ರದ 2006ರ ಅಗ್ನಿಸುರಕ್ಷಾ ಕಾಯ್ದೆಯಂತೆ, ಅದರ ವ್ಯಾಪ್ತಿಗೆ ಬರುವ ಕಟ್ಟಡದವರು ಈ ಸಾಧನಗಳು ಸುಸ್ಥಿತಿಯಲ್ಲಿವೆ ಅಂತ ಲೈಸೆನ್ಸ್ ಇರುವ ಏಜೆನ್ಸಿಯಿಂದ ಜನವರಿ ಮತ್ತು ಜುಲೈನಲ್ಲಿ ಪ್ರಮಾಣಪತ್ರ ಪಡೆದು ಸಲ್ಲಿಸಬೇಕು. ಅದೇ ಫಾರ್ಮ್ ಬಿ. ನಿಮ್ಮ ಗಾಲಾ, ನಿಮ್ಮ ಸೊಸೈಟಿ ಸಲ್ಲಿಸಿದೆಯೇ ಕೇಳಿ. ಕಾಗದ ಬೇಡ ಅಂತ ನಾನು ಹೇಳುತ್ತಿಲ್ಲ. ಕಾಗದದಲ್ಲಿ ಬರೆದದ್ದು ಗೋಡೆಯ ಮೇಲೆ ನಿಜವಾಗಿ ಇದೆಯೇ ಅಂತ ನೋಡಿ ಅನ್ನುತ್ತಿದ್ದೇನೆ.

ಇಷ್ಟಕ್ಕೆಲ್ಲ ದುಡ್ಡು ಎಲ್ಲಿಂದ ಅಂತ ಕೇಳುತ್ತೀರಿ. ಬಣ್ಣದ ಪಟ್ಟಿಗೆ, ಗ್ಲೌಸಿಗೆ, ಪೈಪಿಗೆ ನನಗೆ ಖರ್ಚಾದದ್ದು ಆ ಆಸ್ಪತ್ರೆಯ ಒಂದು ದಿನದ ಬಿಲ್ಲಿಗಿಂತ ಕಡಿಮೆ. "ಇಷ್ಟು ವರ್ಷ ಏನೂ ಆಗಿಲ್ಲ" ಅನ್ನುವುದು ಇನ್ನೊಂದು ಮಾತು. ನನಗೂ ಹನ್ನೆರಡು ವರ್ಷ ಏನೂ ಆಗಿರಲಿಲ್ಲ.

ಕೊನೆಗೆ, ನನಗೆ ಎಲ್ಲಕ್ಕಿಂತ ಹೆಚ್ಚು ಕಲಿಸಿದ ಮಾತು. ಹುಡುಗಿ ಚೇತರಿಸಿಕೊಂಡ ಮೇಲೆ ಕೇಳಿದೆ, "ಘಾಟು ಬಂದಾಗ ಯಾಕೆ ಹೊರಗೆ ಬರಲಿಲ್ಲ?" ಅವಳು ತಲೆ ತಗ್ಗಿಸಿ ಹೇಳಿದಳು, "ಅಕ್ಕಾರೆ, ಅವರು ಬರೋದ್ರೊಳಗ ಮುಗೀಬೇಕು ಅಂತ ನೀವ ಹೇಳಿದ್ರಿ. ನಡುವ ಬಿಟ್ಟು ಬಂದ್ರ ಬೈತೀರಿ ಅಂತ ಹೆದರಿದ್ದೆ."

ನನ್ನ ಬೈಗುಳಕ್ಕಿಂತ ವಿಷದ ಗಾಳಿಯೇ ವಾಸಿ ಅನಿಸಿತ್ತಲ್ಲ ಅವಳಿಗೆ! ಅವತ್ತಿನಿಂದ ನಮ್ಮಲ್ಲಿ ಒಂದು ನಿಯಮ. ಘಾಟು, ಸೋರಿಕೆ, ಕಿಡಿ ಏನು ಕಂಡರೂ ಯಾರನ್ನೂ ಕೇಳದೆ ಕೆಲಸ ನಿಲ್ಲಿಸಬಹುದು. ಊಟ ತಡವಾದರೆ ಗ್ರಾಹಕರ ಹತ್ತಿರ ಬೈಸಿಕೊಳ್ಳುವುದು ನನ್ನ ಕೆಲಸ. ತಪ್ಪು ಹೇಳಿಕೊಂಡವರ ಸಂಬಳ ಕಡಿಯುವುದಿಲ್ಲ.

ಈಗ ಸೋಮವಾರದ ತಪಾಸಣೆ ಮಾಡುವವಳು ಅವಳೇ. ವಹಿಯಲ್ಲಿ ಟಿಕ್ ಹಾಕಿ ಸಹಿ ಮಾಡುತ್ತಾಳೆ, ಸಹಿ ಮಾಡಲು ನಮ್ಮಲ್ಲೇ ಕಲಿತಳು. ಹೋದ ತಿಂಗಳು ನನ್ನ ಕೈಯಲ್ಲಿ ಖಾಲಿ ನೀರಿನ ಬಾಟಲಿಯಲ್ಲಿ ಫಿನಾಯಿಲ್ ಕಂಡು ಎಲ್ಲರ ಎದುರಿಗೇ ನನ್ನನ್ನು ತಡೆದಳು. ನನಗೆ ನಾಚಿಕೆಯಾಯಿತು. ಆದರೆ ನಿಜ ಹೇಳಬೇಕೆಂದರೆ ಅವತ್ತು ರಾತ್ರಿ ನೆಮ್ಮದಿಯಾಗಿ ನಿದ್ದೆ ಮಾಡಿದೆ.

ನಿಮ್ಮಲ್ಲಿ ನನ್ನ ವಿನಂತಿ ಇಷ್ಟೆ. ಈ ಸೋಮವಾರ ನಿಮ್ಮ ಅಂಗಡಿಯಲ್ಲಿ, ಪಾರ್ಲರ್‌ನಲ್ಲಿ, ಅಡುಗೆಮನೆಯಲ್ಲಿ ಹದಿನೈದು ನಿಮಿಷ ಕೊಡಿ. ಹೆಸರಿಲ್ಲದ ಬಾಟಲಿ ಎಷ್ಟಿವೆ ಎಣಿಸಿ. ಎಣಿಸುವಾಗ ಅದನ್ನು ದಿನವೂ ಮುಟ್ಟುವವರನ್ನು ಜೊತೆಗೆ ಕರೆದುಕೊಳ್ಳಿ, ಅವರಿಗೆ ಮಾತಾಡಲು ಬಿಡಿ.