ಫರ್ಸಿ ಕಲ್ಲಿನ ಬೆನ್ನು ಹತ್ತಿ: ಶಹಾಬಾದಿನಿಂದ ಚಿಂಚೋಳಿವರೆಗೆ



ನೀವು ಹಳೇ ಮನೆಯಲ್ಲಿದ್ದರೆ ಒಮ್ಮೆ ಕಾಲ ಕೆಳಗೆ ನೋಡ್ಕೊಳ್ಳಿ. ಬೂದು ಬಣ್ಣ, ನೋಡ್ತಾ ನೋಡ್ತಾ ಸ್ವಲ್ಪ ನೀಲಿ ಅನ್ನಿಸೋ ಚೌಕ ಕಲ್ಲು. ಬೇಸಿಗೆ ಮಧ್ಯಾಹ್ನ ಚಾಪೆ ಹಾಸದೆ ಅದರ ಮೇಲೇ ಮಲಗಿದ್ರೂ ಬೆನ್ನಿಗೆ ತಣ್ಣಗೆ. ಪುಣೆ, ಮುಂಬೈ, ಸೊಲ್ಲಾಪುರ, ಹೈದರಾಬಾದ್, ಹುಬ್ಬಳ್ಳಿ ಎಲ್ಲಿಗೇ ಹೋಗಿ, ಶಾಲೆಯ ವರಾಂಡ, ರೈಲ್ವೆ ಪ್ಲಾಟ್‌ಫಾರಂ, ಬಚ್ಚಲುಮನೆ ಎಲ್ಲ ಕಡೆ ಅದೇ. ಅಂಗಡಿಯವರು ಅದಕ್ಕೆ ಶಹಾಬಾದ್ ಕಲ್ಲು ಅಂತಾರೆ, ನಮ್ಮ ಕಲಬುರಗಿ ಕಡೆ ಫರ್ಸಿ. ಅಡುಗೆ ಕಟ್ಟೆಗೆ ಹಾಕೋ ಕರೀ ಕಡಪಾ ಕಲ್ಲು ಬೇರೆ, ಅದು ಆಂಧ್ರದ್ದು. ಎರಡನ್ನೂ ಒಂದೇ ಅಂದ್ಕೊಳ್ಳೋರು ತುಂಬಾ ಜನ ಇದ್ದಾರೆ, ಅದಕ್ಕೆ ಹೇಳಿದೆ.

ಕಲ್ಲು ಎಲ್ಲರಿಗೂ ಗೊತ್ತು. ಅದು ಬಂದ ಊರನ್ನು ನೋಡಿದವರು ಮಾತ್ರ ಕಡಿಮೆ. ಮುಂಬೈ–ಚೆನ್ನೈ ರೈಲಿನಲ್ಲಿ ಶಹಾಬಾದ್, ವಾಡಿ ದಾಟಿ ಹೋದವರು ಲಕ್ಷಾಂತರ ಇದ್ದಾರು. ಕಿಟಕಿಯಿಂದ ಬಿಳೀ ಧೂಳು, ಚಿಮಣಿ ಕಂಡು ‘ಸಿಮೆಂಟ್ ಊರು’ ಅಂದು ಕಿಟಕಿ ಹಾಕ್ಕೊಳ್ತಾರೆ. ನಾನಿವತ್ತು ಹೇಳೋದು ಆ ಕಿಟಕಿಯ ಆಚೆಗಿನ ಐದು ಊರುಗಳ ಸುತ್ತಾಟದ ಬಗ್ಗೆ: ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿ. ಎಲ್ಲ ಕಲಬುರಗಿ ಜಿಲ್ಲೆಯವು. ಗುಡಿ ಗೋಪುರದ ಪಟ್ಟಿ ಹಿಡ್ಕೊಂಡು ಹೋಗೋ ಬದಲು ಆ ಕಲ್ಲಿನ ಬೆನ್ನು ಹತ್ತಿ ಹೋಗಿ ಅನ್ನೋದು ನನ್ನ ಸಲಹೆ. ಯಾಕಂದ್ರೆ ಇಲ್ಲಿ ಸಾವಿರಾರು ವರ್ಷಗಳಿಂದ ಏನೇನು ಕಟ್ಟಿದರೋ ಅದರಲ್ಲಿ ಬಹುಪಾಲು ಈ ಸುಣ್ಣಕಲ್ಲಿನಿಂದಲೇ ಕಟ್ಟಿದ್ದು.

ಶಹಾಬಾದಿನಿಂದ ಶುರು ಮಾಡೋಣ. ಭೂಗರ್ಭದವರು ಭೀಮಾ ಶ್ರೇಣಿ ಅಂತ ಕರೆಯೋ ಈ ಕಲ್ಲು ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತದ್ದು. ಆಮೇಲೆ ಅದು ಹೆಚ್ಚು ಮಡಚಿಕೊಳ್ಳಲೂ ಇಲ್ಲ, ತಿರುಚಿಕೊಳ್ಳಲೂ ಇಲ್ಲ, ಸುಮ್ಮನೆ ಅಡ್ಡ ಮಲಗಿಬಿಟ್ಟಿದೆ. ಹಾಗಾಗಿ ಗಣಿಯಲ್ಲಿ ನಿಂತು ನೋಡಿದ್ರೆ ರೊಟ್ಟಿ ಮೇಲೆ ರೊಟ್ಟಿ ಪೇರಿಸಿಟ್ಟ ಹಾಗೆ ಕಾಣುತ್ತೆ. ಉಳಿಯಿಂದ ಗೆರೆ ಹೊಡೆದು, ಪದರದ ಸಂದಿಗೆ ಹಾರೆ ತೂರಿಸಿ ಮೀಟಿದರೆ ಹಲಗೆ ಹಲಗೆಯಾಗಿ ಏಳುತ್ತೆ. ಸುತ್ತಿಗೆ ತುದಿಯಿಂದ ತಟ್ಟಿ ಸಪ್ಪಳ ಕೇಳಿದರೆ ಕಲ್ಲು ಗಟ್ಟಿಯೋ, ಒಳಗೆ ಬಿರುಕಿದೆಯೋ ಗೊತ್ತಾಗುತ್ತೆ. ಖಣಖಣ ಅಂದ್ರೆ ಒಳ್ಳೇದು, ಬೋದು ಸಪ್ಪಳ ಬಂದ್ರೆ ಪಕ್ಕಕ್ಕೆ. ಈಗ ಕೊಯ್ಯೋ ಮಷೀನು, ಪಾಲಿಶ್ ಮಷೀನು ಬಂದಿವೆ, ಆದರೆ ಆ ಕಿವಿಯ ಕೆಲಸ ಮಷೀನಿಗೆ ಬಂದಿಲ್ಲ.

ಇಲ್ಲಿ ನಡೆಯುವಾಗ ಎರಡು ವಿಷಯ ನೆನಪಿರಲಿ. ಗಣಿಯೊಳಗೆ ಹೋಗೋಕೆ ಅಲ್ಲಿಯವರನ್ನ ಕೇಳಿಯೇ ಹೋಗಿ. ಇನ್ನು ಬಿಟ್ಟುಹೋದ ಗಣಿಗಳಲ್ಲಿ ಮಳೆನೀರು ನಿಂತು ಹಸಿರು ಕೊಳ ಆಗಿರುತ್ತೆ, ಫೋಟೋಗೆ ಭಾರೀ ಚಂದ. ದಂಡೆ ನೆಟ್ಟಗೆ ಕಡಿದದ್ದು, ಮೆಟ್ಟಿಲಿಲ್ಲ, ಇಳಿದರೆ ಹತ್ತೋಕೆ ಹಿಡಿತ ಸಿಗಲ್ಲ. ದಂಡೆ ಮೇಲೆ ನಿಂತು ನೋಡಿ, ಈಜೋಕೆ ಮಾತ್ರ ಇಳೀಬೇಡಿ.

ಶಹಾಬಾದಿನ ಇನ್ನೊಂದು ಕತೆ ಕಾರ್ಖಾನೆಯದು, ಇವತ್ತಿನ ಮಾತಿಗೆ ಅದೇ ಮುಖ್ಯ. 1920ರ ದಶಕದಲ್ಲಿ, ಇದು ಇನ್ನೂ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದಾಗ, ಇಲ್ಲಿ ಶಹಾಬಾದ್ ಸಿಮೆಂಟ್ ಕಂಪನಿ ಬಂತು. 1936ರಲ್ಲಿ ದೇಶದ ಹತ್ತು ಸಿಮೆಂಟ್ ಕಂಪನಿಗಳು ಕೂಡಿ ಎಸಿಸಿ ಆಯ್ತಲ್ಲ, ಆ ಹತ್ತರಲ್ಲಿ ಇದೂ ಒಂದು. ಆಮೇಲೆ 1959ರಲ್ಲಿ ಎಸಿಸಿ, ವಿಕರ್ಸ್, ಬ್ಯಾಬ್‌ಕಾಕ್ ಕೂಡಿ ಬಾಯ್ಲರು, ಸಿಮೆಂಟ್ ಯಂತ್ರ ತಯಾರಿಸೋ ಕಂಪನಿ ಮಾಡಿದವು. ಊರವರ ಬಾಯಲ್ಲಿ ಅದು ಎವಿಬಿ. ಅಂದ್ರೆ ನೋಡ್ರಿ, ಸುತ್ತ ತೊಗರಿ, ಜೋಳದ ಹೊಲ, ನಡುವೆ ಬಾಯ್ಲರ್ ತಯಾರಿಸೋ ಊರು. ವೆಲ್ಡರು, ಫಿಟ್ಟರು, ಡ್ರಾಫ್ಟ್ಸ್‌ಮನ್ನು ಎಲ್ಲಾ ಕಡೆಯಿಂದ ಬಂದರು. ಕನ್ನಡ, ತೆಲುಗು, ಮರಾಠಿ, ದಖ್ಖನಿ ಉರ್ದು, ತಮಿಳು ಒಂದೇ ಓಣಿಯಲ್ಲಿ. ಕಾಲೊನಿ, ಶಾಲೆ, ಕ್ಲಬ್ಬು, ಅಕ್ಕಪಕ್ಕದಲ್ಲೇ ಗುಡಿ, ಮಸೀದಿ, ಚರ್ಚು. ದಿನದ ಲೆಕ್ಕ ಸೂರ್ಯನದಲ್ಲ, ಭೋಂಗಾದ್ದು. ಶಿಫ್ಟಿನ ಸೈರನ್ನಿಗೆ ನಮ್ಮ ಕಡೆ ಭೋಂಗಾ ಅಂತಾರೆ.

ಸಿಮೆಂಟ್ ಕಾರ್ಖಾನೆ ಕೈಯಿಂದ ಕೈಗೆ ಹೋಗಿ ಕಡೆಗೆ ಗೂಡು ಆರಿತು. ಎವಿಬಿಯ ಹೆಸರೂ ಒಂದಾದ ಮೇಲೊಂದು ಬದಲಾಗುತ್ತ ಬಂತು. ಬಂದವರಲ್ಲಿ ಬಹಳ ಜನ ಹೋದರು. ನನ್ನ ತಕರಾರು ಇಲ್ಲಿ. ಒಂದು ಊರು ಅರಮನೆ ಕಳ್ಕೊಂಡರೆ ಅದನ್ನ ಪರಂಪರೆ ಅಂತೀವಿ, ಕಾರ್ಖಾನೆ ಕಳ್ಕೊಂಡರೆ ಗುಜರಿ ಅಂತೀವಿ. ಚಿಮಣಿ, ಗೂಡು, ಕೆಲಸಗಾರರ ಕ್ವಾರ್ಟರ್ಸು ಒಂದು ಕಾಲದ ಬದುಕಿಗೆ ಗುಡಿಯಷ್ಟೇ ಗಟ್ಟಿ ಸಾಕ್ಷಿ. ಮೇಲಾಗಿ ಗುಡಿ ಕಟ್ಟಿದವರು ಈಗ ಮಾತಾಡಲ್ಲ, ಇಲ್ಲಿ ಕೆಲಸ ಮಾಡಿದವರು ಇನ್ನೂ ಮಾತಾಡ್ತಾರೆ. ಎಪ್ಪತ್ತು, ಎಂಬತ್ತು ದಾಟಿದವರು ಕಟ್ಟೆ ಮೇಲೆ ಕೂತಿರ್ತಾರೆ. ಅವರ ಗೇಟ್‌ಪಾಸು, ಪಗಾರ ಚೀಟಿ, ಯೂನಿಯನ್ ಕರಪತ್ರ, ಕಾಲೊನಿಯ ಗಣಪತಿ ಮುಂದೆ ತೆಗೆಸಿಕೊಂಡ ಫೋಟೋ, ಇವನ್ನೆಲ್ಲ ಒಂದು ಕೋಣೆಯಲ್ಲಿ ಕೂಡಿಸಿಡೋಕೆ ಕೋಟಿ ರೂಪಾಯಿ ಬೇಕಿಲ್ಲ. ಶಹಾಬಾದ್ ಈಗ ತಾಲ್ಲೂಕು ಕೇಂದ್ರ, ಒಂದು ಕೋಣೆ ಸಿಗದ ಊರಲ್ಲ.

ಅಲ್ಲಿಂದ ಒಂದೇ ಗುಕ್ಕಿಗೆ ವಾಡಿ. 1871ರಲ್ಲಿ ಮುಂಬೈ ಕಡೆಯಿಂದ ಬಂದ ಜಿಐಪಿ ರೈಲು ರಾಯಚೂರಲ್ಲಿ ಮದ್ರಾಸಿನ ಲೈನಿಗೆ ಕೂಡಿತು. ಆಗ ಹೈದರಾಬಾದ್ ಪಟ್ಟಣ ಲೈನಿನ ಹೊರಗೇ ಉಳಿದಿತ್ತು. ನಿಜಾಮರ ದುಡ್ಡಿನಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ಲೈನು ಎಳೆದದ್ದು 1874ರಲ್ಲಿ. ಚಿತ್ತಾಪುರ, ಮಳಖೇಡ ರೋಡ್, ಸೇಡಂ ಆ ಲೈನಿನ ಮೇಲಿನ ಸ್ಟೇಷನ್‌ಗಳು. ಸಿಮೆಂಟಿಗೆ ಕಲ್ಲು ಇಲ್ಲೇ ಉಂಟು, ಕಲ್ಲಿದ್ದಲು ದೂರದಿಂದ ಬರಬೇಕು, ಚೀಲ ದೂರಕ್ಕೆ ಹೋಗಬೇಕು. ರೈಲಿಲ್ಲದೆ ಈ ದಂಧೆಯೇ ಇಲ್ಲ. ವಾಡಿಯ ಎಸಿಸಿ ಕಾರ್ಖಾನೆ 1968ರದ್ದು. ಒಂದು ಟನ್ ಕ್ಲಿಂಕರ್ ಆಗಬೇಕಾದರೆ ಹತ್ತಿರ ಹತ್ತಿರ ಒಂದೂವರೆ ಟನ್ ಸುಣ್ಣಕಲ್ಲು 1,450 ಡಿಗ್ರಿ ಕಾವಿನಲ್ಲಿ ಬೇಯಬೇಕು. ಹಾಗಾದ್ರೆ ಎಷ್ಟು ನೆಲ ಗೂಡಿಗೆ ಹೋಗಿರಬೇಕು ಅಂತ ನೀವೇ ಲೆಕ್ಕ ಹಾಕಿ.

ವಾಡಿಯಿಂದ ದಕ್ಷಿಣಕ್ಕೆ ಭೀಮಾ ದಂಡೆಯಲ್ಲಿ ಸನ್ನತಿ, ಚಿತ್ತಾಪುರ ತಾಲ್ಲೂಕು. ಇಲ್ಲಿಗೆ ಅರ್ಧ ದಿನವಾದರೂ ಇಡಿ. 1986ರಲ್ಲಿ ಚಂದ್ರಲಾಂಬಾ ಗುಡಿಯ ಆವರಣದಲ್ಲಿದ್ದ ಕಾಳಿ ಗುಡಿಯ ಮಾಳಿಗೆ ಕುಸಿದು, ದೇವಿಯ ಪೀಠವಾಗಿದ್ದ ಕಲ್ಲು ಬಯಲಿಗೆ ಬಂತು. ನೋಡಿದರೆ ಅದರ ಮೇಲೆ ಅಶೋಕನ ಶಾಸನ. ಹತ್ತಿರದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಅಗೆದಾಗ ದೊಡ್ಡ ಬೌದ್ಧ ಸ್ತೂಪ ಸಿಕ್ಕಿತು, ಶಾಸನಗಳಲ್ಲಿ ಅದರ ಹೆಸರು ಅಧೋಲೋಕ ಮಹಾಚೈತ್ಯ. ಅದರ ಒಂದು ಹಲಗೆಯಲ್ಲಿ ರಾಜ, ರಾಣಿ, ಚಾಮರ ಬೀಸೋ ಪರಿವಾರ, ಮೇಲೆ ಬ್ರಾಹ್ಮಿ ಲಿಪಿಯಲ್ಲಿ ‘ರಾಯ ಅಸೋಕೋ’. ಅಶೋಕ ಅನ್ನೋ ಹೆಸರು ಶಾಸನದಲ್ಲಿ ಮೊದಲು ಸಿಕ್ಕಿದ್ದು 1915ರಲ್ಲಿ, ನಮ್ಮದೇ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ. ಹೆಸರು ಬರೆದ ಮುಖ ಸಿಕ್ಕಿದ್ದು ಇಲ್ಲಿ. ಆ ಶಿಲ್ಪದ ಹಲಗೆಗಳೆಲ್ಲ ಇದೇ ಸುಣ್ಣಕಲ್ಲು. ಮನೆ ಹಾಸುಗಲ್ಲಿನ ಮೇಲೆ ಹೂವಿನ ಬಳ್ಳಿ, ಆನೆ, ಜಾತಕ ಕತೆ ಕೆತ್ತಿದ್ದಾರೆ ಅಂದ್ಕೊಳ್ಳಿ, ಅಷ್ಟು ತೆಳು, ಅಷ್ಟು ನುಣುಪು. ಅಗೆದ ಮೇಲೆ ಎರಡು ದಶಕದ ಹತ್ತಿರ ಅವು ಬಿಸಿಲು ಮಳೆಗೆ ಬಿದ್ದಿದ್ದವು. ಪುರಾತತ್ವ ಇಲಾಖೆ ಜೀರ್ಣೋದ್ಧಾರಕ್ಕೆ ಕೈ ಹಾಕಿದ್ದು ತೀರ ಈಚೆಗೆ. ಅಶೋಕನ ಮುಖಕ್ಕೇ ಇಷ್ಟು ಕಾಯಬೇಕಾಯ್ತು ಅಂದ್ರೆ ಶಹಾಬಾದಿನ ಚಿಮಣಿಗೆ ಯಾವಾಗ ಪಾಳಿ ಬರುತ್ತೋ!

ಚಿತ್ತಾಪುರದ ಪಕ್ಕದಲ್ಲೇ ನಾಗಾವಿ. ಕಲ್ಯಾಣ ಚಾಲುಕ್ಯರ ಕಾಲದ ಘಟಿಕಾಸ್ಥಾನ, ಅಂದ್ರೆ ಆಗಿನ ಕಾಲೇಜು. 1058ರ ಶಾಸನದಲ್ಲಿ ಎಷ್ಟು ವಿದ್ಯಾರ್ಥಿಗಳು, ಎಷ್ಟು ಗುರುಗಳು ಅಂತ ಲೆಕ್ಕ ಇದೆ, ಜೊತೆಗೆ ಆರು ಮಂದಿ ಸರಸ್ವತೀ ಭಂಡಾರಿಗರು. ಗ್ರಂಥಾಲಯ ನೋಡ್ಕೊಳ್ಳೋರು! ಈಗ ನಮ್ಮ ಎಷ್ಟು ಕಾಲೇಜಲ್ಲಿ ಒಬ್ಬ ಲೈಬ್ರರಿಯನ್ ಇದ್ದಾರೆ, ಹೇಳಿ. ಅರವತ್ತು ಕಂಬದ ಗುಡಿಯ ನೆರಳಲ್ಲಿ ಒಂದು ತಾಸು ಕೂತು ಬನ್ನಿ.

ಇನ್ನು ಮಳಖೇಡ, ಸೇಡಂ ತಾಲ್ಲೂಕು, ಕಲಬುರಗಿಯಿಂದ ಸುಮಾರು 40 ಕಿಲೋಮೀಟರ್. ರಾಷ್ಟ್ರಕೂಟರ ಮಾನ್ಯಖೇಟ, ಅಮೋಘವರ್ಷ ನೃಪತುಂಗನ ರಾಜಧಾನಿ, ಕವಿರಾಜಮಾರ್ಗ ಹುಟ್ಟಿದ ಆಸ್ಥಾನ. ದೊಡ್ಡ ನಿರೀಕ್ಷೆ ಇಟ್ಕೊಂಡು ಹೋದವರು ಮೊದಲು ಪೆಚ್ಚಾಗ್ತಾರೆ. ಹಂಪಿಯ ಹಾಗೆ ಕಣ್ಣು ಕುಕ್ಕೋದು ಏನೂ ಇಲ್ಲ. ಕಾಗಿಣಾ ದಂಡೆಗೆ ಒಂದು ಕೋಟೆ, ಫರ್ಸಿ ಪೇರಿಸಿದ ಗೋಡೆ, ಒಳಗೆ ಮನೆಗಳು, ಮೇಕೆಗಳು. ಊರಲ್ಲಿ ನೇಮಿನಾಥ ಬಸದಿ ಇದೆ. ನದಿ ಹತ್ತಿರ ಟೀಕಾಚಾರ್ಯ ಜಯತೀರ್ಥರ ವೃಂದಾವನ ಇರುವ ಉತ್ತರಾದಿ ಮಠ. 2020ರ ಅಕ್ಟೋಬರ್ ಮಳೆಗೆ ಕಾಗಿಣಾ ಉಕ್ಕಿ ಮಠಕ್ಕೂ ನೀರು ನುಗ್ಗಿತ್ತು. ಕೋಟೆಯ ಮೇಲೆ ಹತ್ತಿ ದೂರ ನೋಡಿದರೆ ಸಿಮೆಂಟ್ ಕಾರ್ಖಾನೆ ಕಾಣುತ್ತೆ. 1980ರ ದಶಕದಲ್ಲಿ ರಾಜಶ್ರೀ ಸಿಮೆಂಟ್ ಆಗಿ ಶುರುವಾದದ್ದು, ಈಗ ಅಲ್ಟ್ರಾಟೆಕ್. ಕಾಲ ಕೆಳಗಿನ ಗೋಡೆ, ಎದುರಿನ ಚಿಮಣಿ, ಎರಡೂ ಒಂದೇ ಬಂಡೆಯಿಂದ ಬಂದವು. ನನಗೆ ಇಡೀ ಸುತ್ತಾಟದಲ್ಲಿ ಅತಿ ಇಷ್ಟವಾದ ಜಾಗ ಅದೇ.

ಸೇಡಂ ಶಾಸನಗಳಲ್ಲಿ ಸೇಡಿಂಬ, ಮುನ್ನೂರು ಮಹಾಜನರ ಅಗ್ರಹಾರ. ಪಂಚಲಿಂಗೇಶ್ವರ ಗುಡಿ ನೋಡಿ. ಆದರೆ ಇಲ್ಲಿ ನೋಡಬೇಕಾದ್ದು ಊರಿನ ಹೊರಗಿದೆ. ಹೊಲಗಳಿಗೆ ಬೇಲಿಯೇ ಫರ್ಸಿ, ಸಾಲಾಗಿ ನೆಟ್ಟ ಹಲಗೆಗಳು. ನವೆಂಬರ್ ಹೊತ್ತಿಗೆ ಬೇಲಿಯ ಆಚೆ ತೊಗರಿ ಹಳದಿ ಹೂ ಬಿಟ್ಟಿರುತ್ತೆ. ನೀವು ಉದ್ಯಾನ ಎಲ್ಲಿದೆ ಅಂತ ಕೇಳಿದರೆ ನಾನು ಇದನ್ನೇ ತೋರಿಸ್ತೀನಿ. ಗುಲಬರ್ಗಾ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಕಾರ್ಖಾನೆ ಧೂಳು ಹೂವಿನ ಮೇಲೆ ಕೂತು ಕಾಯಿ ಕಟ್ಟಲ್ಲ ಅನ್ನೋದು ಈ ಭಾಗದ ರೈತರ ಹಳೇ ದೂರು. ಎಲೆ ಮುಟ್ಟಿ ನೋಡಿ, ಬೆರಳಿಗೆ ಏನು ಹತ್ತುತ್ತೆ ಅಂತ.

ಸೇಡಂನಿಂದ ಉತ್ತರಕ್ಕೆ ಚಿಂಚೋಳಿ ಕಡೆ ಏರುತ್ತಾ ಹೋದಂತೆ ಫರ್ಸಿ ಮುಗಿಯುತ್ತೆ. ಮಣ್ಣು ಕೆಂಪಾಗುತ್ತೆ, ಗುಡ್ಡ ಏಳುತ್ತೆ, ಕಾಡು ಬರುತ್ತೆ. ಕಲಬುರಗಿ ಜಿಲ್ಲೆಯಲ್ಲಿ ಕಾಡಾ ಅಂತ ಬೆಂಗಳೂರಿನವರು ನಗ್ತಾರೆ. 2011ರಲ್ಲಿ ವನ್ಯಜೀವಿಧಾಮ ಅಂತ ಘೋಷಿಸಿದ 134 ಚದರ ಕಿಲೋಮೀಟರಿಗೂ ಹೆಚ್ಚು ಕಾಡು ಇದೆ, ರಕ್ತಚಂದನ, ಶ್ರೀಗಂಧ ಎರಡೂ ಇವೆ. ಚಂದ್ರಂಪಳ್ಳಿ ಡ್ಯಾಮಿನ ಸುತ್ತ, ಗೊಟ್ಟಂಗೊಟ್ಟ ಕಡೆ ಬೆಳಗಿನ ಹೊತ್ತು ನಡೆಯಿರಿ. ದಾರಿಯಲ್ಲಿ ಲಂಬಾಣಿ ತಾಂಡಾಗಳು ಸಿಗ್ತವೆ, ತಾಂಡಾದಲ್ಲಿ ಹಿರಿಯರಿದ್ದರೆ ರಾಮ್ ರಾಮ್ ಅಂದು ಮಾತಾಡಿಸಿ, ದಾರಿ ಸರಿಯಾಗಿ ಹೇಳ್ತಾರೆ. ಎತ್ತಿಪೋತ ಜಲಪಾತ ನೋಡಬೇಕಂದ್ರೆ ಆಗಸ್ಟ್–ಸೆಪ್ಟೆಂಬರ್‌ನಲ್ಲಿ, ಮಳೆ ಬಿದ್ದ ಮರುದಿನ ಹೋಗಿ. ಬೇಸಿಗೆಯಲ್ಲಿ ಅಲ್ಲಿ ಬರೀ ಬಂಡೆ. ಉಳಿದ ನಾಲ್ಕೂ ಊರಿಗೆ ಅಕ್ಟೋಬರ್‌ನಿಂದ ಜನವರಿ ಒಳ್ಳೇ ಕಾಲ. ಮಾರ್ಚ್ ನಂತರ ಬಂದು ಬಿಸಿಲು ಅಂತ ನಮ್ಮನ್ನ ಬಯ್ಯಬೇಡಿ.

ಕೊನೆಗೆ ಒಂದು ಕೆಲಸ ಹಚ್ಚತೀನಿ. ಕೇಳ್ತಿರೋರಲ್ಲಿ ಶಹಾಬಾದ್, ವಾಡಿ ಕಾರ್ಖಾನೆಯಲ್ಲಿ ದುಡಿದವರ ಮಕ್ಕಳು, ಮೊಮ್ಮಕ್ಕಳು ಇದ್ದೇ ಇರ್ತೀರಿ. ಮನೆಯ ಟ್ರಂಕಲ್ಲಿ ಹಳೇ ಗೇಟ್‌ಪಾಸು, ಫೋಟೋ ಇದ್ದರೆ ಹಿಂದೆ ಹೆಸರು, ಇಸವಿ, ಯಾವ ಖಾತೆ ಅಂತ ಬರೆದಿಡಿ. ಅಪ್ಪಾಜಿನೋ ಕಾಕಾನೋ ಇನ್ನೂ ಇದ್ದರೆ ಫೋನ್ ರೆಕಾರ್ಡರ್ ಹಚ್ಚಿ, ಮೊದಲ ದಿನ ಗೇಟಿನ ಒಳಗೆ ಹೋದಾಗ ಏನು ಕಂಡಿರಿ ಅಂತ ಕೇಳಿ. ಮುಂದಿನ ಸಂಚಿಕೆಯಲ್ಲಿ ಭೀಮಾ ಮತ್ತು ಕಾಗಿಣಾ ಕೂಡುವ ಹೊನಗುಂಟಾಕ್ಕೆ ಹೋಗೋಣ.