ಕಾಲಿನ ಗಾಯ ಮತ್ತು ಸಕ್ಕರೆ ಕಾಯಿಲೆ

(ಶಾಲೆಯ ಸುವರ್ಣ ಮಹೋತ್ಸವದ ಆರೋಗ್ಯ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಇದೇ ಶಾಲೆಯಲ್ಲಿ ಓದಿದ ನಾನು ಶಸ್ತ್ರಚಿಕಿತ್ಸಕನಾಗಿ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳ ಜನರನ್ನೇ ಹೆಚ್ಚಾಗಿ ನೋಡುತ್ತಿದ್ದೇನೆ. ಸಕ್ಕರೆ ಕಾಯಿಲೆಯಲ್ಲಿ ಏನು ತಿನ್ನಬೇಕು, ಏನು ಬಿಡಬೇಕು ಎಂಬುದನ್ನು ನೀವು ಬೇಕಾದಷ್ಟು ಕೇಳಿದ್ದೀರಿ. ಮುದ್ದೆಯ ವಿಚಾರ ಇವತ್ತು ಬೇಡ. ಒಂದೇ ಪ್ರಶ್ನೆ ತೆಗೆದುಕೊಳ್ಳುತ್ತೇನೆ. ಪಕ್ಕದ ಮನೆಯವರಿಗೆ ಎಂಟು ದಿನದಲ್ಲಿ ಮಾಯುವ ಗಾಯ, ಶುಗರ್ ಇದ್ದವರಿಗೆ ಬೆರಳು ತೆಗೆಯುವ ಹಂತಕ್ಕೆ ಏಕೆ ಹೋಗುತ್ತದೆ?

ಗಾಯದೊಳಗೆ ನುಗ್ಗುವ ಬ್ಯಾಕ್ಟೀರಿಯಾವನ್ನು ಮೊದಲು ಎದುರಿಸುವುದು ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣ. ಅದು ರಕ್ತನಾಳದಿಂದ ಹೊರಬಂದು, ಗಾಯದ ಜಾಗ ಹುಡುಕಿಕೊಂಡು ಹೋಗಿ, ಬ್ಯಾಕ್ಟೀರಿಯಾವನ್ನು ನುಂಗಿ ಕೊಲ್ಲುತ್ತದೆ. ರಕ್ತದಲ್ಲಿ ಸಕ್ಕರೆ ಏರಿಯೇ ಇದ್ದರೆ ಹುಡುಕುವುದು, ನುಂಗುವುದು, ಕೊಲ್ಲುವುದು ಎಲ್ಲವೂ ಮಂದವಾಗುತ್ತದೆ. ಕಣಗಳ ಸಂಖ್ಯೆ ಕಡಿಮೆಯಾಗಿರುವುದಿಲ್ಲ. ಕೆರೆ ಏರಿಯ ಮೇಲೆ ನೀರುಗಂಟಿ ಇದ್ದಾನೆ, ಆದರೆ ತೂಕಡಿಸುತ್ತಿದ್ದಾನೆ.

ಇನ್ನು ಕಾಲಿನ ಮಾತು. ನಾಲೆಯ ಕಡೇ ಭಾಗದ ಗದ್ದೆಯ ಪಾಡು ನಿಮಗೆ ನಾನು ಹೇಳಬೇಕಾಗಿಲ್ಲ. ಕಟ್ಟೆ ತುಂಬಿದ್ದರೂ ಅಲ್ಲಿಗೆ ನೀರು ತಲುಪುವುದು ಕಷ್ಟ. ದೇಹದಲ್ಲಿ ಪಾದವೇ ಕಡೇ ಭಾಗ. ಬಹಳ ವರ್ಷದ ಸಕ್ಕರೆ ಕಾಯಿಲೆಯಲ್ಲಿ ರಕ್ತನಾಳಗಳು ಕಿರಿದಾಗುತ್ತವೆ. ಬಿಳಿ ರಕ್ತಕಣವೂ ಆ ದಾರಿಯಲ್ಲೇ ಹೋಗಬೇಕು, ನಾವು ಕೊಡುವ ಆ್ಯಂಟಿಬಯೋಟಿಕ್ ಕೂಡ ಆ ದಾರಿಯಲ್ಲೇ ಹೋಗಬೇಕು. ಎಷ್ಟು ಮಾತ್ರೆ ನುಂಗಿದರೂ ಗಾಯ ವಾಸಿಯಾಗಲಿಲ್ಲ ಎನ್ನುವವರಿಗೆ ಅರ್ಧ ಉತ್ತರ ಇಲ್ಲಿದೆ.

ಇದರ ಮೇಲೆ ನರಗಳೂ ಸತ್ವ ಕಳೆದುಕೊಳ್ಳುತ್ತವೆ. ಕಬ್ಬಿನ ಕೂಳೆ ಚುಚ್ಚಿದ್ದ ರೈತರೊಬ್ಬರು ನನ್ನ ಬಳಿ ಬಂದದ್ದು ಹದಿನೈದು ದಿನದ ಮೇಲೆ, ಅದೂ ಮನೆಯವರು ವಾಸನೆ ಬರುತ್ತಿದೆ ಎಂದು ಬಲವಂತ ಮಾಡಿದ ಮೇಲೆ. “ನೋವೇ ಇರಲಿಲ್ಲ ಡಾಕ್ಟ್ರೇ, ಅರಿಶಿನ ಮೆತ್ತಿದ್ದೆ” ಎಂದರು. ಕೀವು ಮೂಳೆಯವರೆಗೂ ಇಳಿದಿತ್ತು. ಎರಡು ಬೆರಳು ತೆಗೆಯಬೇಕಾಯಿತು. ನೋವಿಲ್ಲದ ಗಾಯ ಎಂದರೆ ನನಗೆ ನೋವಿರುವ ಗಾಯಕ್ಕಿಂತ ಹೆಚ್ಚು ಭಯ. ಮಧ್ಯಾಹ್ನದ ಬಿಸಿಲಲ್ಲಿ ಮೇಲುಕೋಟೆಯ ಕಾದ ಮೆಟ್ಟಿಲುಗಳನ್ನು ಬರಿಗಾಲಲ್ಲಿ ಹತ್ತಿ, ಸಂಜೆ ಮನೆಗೆ ಬಂದು ಅಂಗಾಲಿನ ಬೊಬ್ಬೆ ನೋಡಿಕೊಳ್ಳುವವರೂ ಇದ್ದಾರೆ. ದೇವರಿಗೆ ಬೆಳಗಿನ ತಂಪಿನಲ್ಲಿ ಹೋಗಿ ಬನ್ನಿ.

ಕಾಲಷ್ಟೇ ಅಲ್ಲ. ಮೂತ್ರದ ಸೋಂಕು, ಬೆನ್ನಿನ ಮೇಲಿನ ದೊಡ್ಡ ಕುರು ಇವೂ ಇದೇ ಕಾರಣಕ್ಕೆ ಮತ್ತೆ ಮತ್ತೆ ಬರುತ್ತವೆ. ಸಕ್ಕರೆ ಕಾಯಿಲೆ ಇದ್ದವರಿಗೆ ಕ್ಷಯ ತಗಲುವ ಸಂಭವ ಎರಡು ಮೂರು ಪಟ್ಟು ಹೆಚ್ಚು. ಅದಕ್ಕೇ ಕ್ಷಯ ರೋಗಿಗಳಿಗೆಲ್ಲ ಸರ್ಕಾರವೇ ಶುಗರ್ ಪರೀಕ್ಷೆ ಮಾಡಿಸುತ್ತದೆ. ಉಡುಪಿ, ದಕ್ಷಿಣ ಕನ್ನಡದ ಕಡೆ ಮಳೆಗಾಲದಲ್ಲಿ ಮಣ್ಣು ನೀರಿನಿಂದ ಬರುವ ಮೆಲಿಯಾಯ್ಡೋಸಿಸ್ ಎಂಬ ಸೋಂಕಿದೆ. ಅದಕ್ಕೆ ಸಿಕ್ಕುವವರಲ್ಲೂ ಹೆಚ್ಚಿನವರು ಸಕ್ಕರೆ ಕಾಯಿಲೆಯವರೇ.

ಸೋಂಕು ಬಂದಾಗ ಸಕ್ಕರೆ ಇನ್ನೂ ಏರುತ್ತದೆ, ಏರಿದ ಸಕ್ಕರೆ ಸೋಂಕನ್ನು ಬೆಳೆಸುತ್ತದೆ. ಜ್ವರ ಬಂದು ಊಟ ಸೇರುತ್ತಿಲ್ಲ ಎಂದು ಇನ್ಸುಲಿನ್ ಅನ್ನು ನೀವೇ ನಿಲ್ಲಿಸಬೇಡಿ, ವೈದ್ಯರನ್ನು ಕೇಳಿ. ಸಮಾಧಾನದ ಮಾತೂ ಇದೆ. ಬಿಳಿ ರಕ್ತಕಣಗಳು ಮೂಳೆಯ ಮಜ್ಜೆಯಲ್ಲಿ ದಿನವೂ ಹೊಸದಾಗಿ ಹುಟ್ಟುತ್ತವೆ. ಸಕ್ಕರೆ ಹತೋಟಿಗೆ ಬಂದರೆ ಅವುಗಳ ಶಕ್ತಿ ಬಹುಮಟ್ಟಿಗೆ ಮರಳುತ್ತದೆ. ನರಕ್ಕೆ ಆದ ಹಾನಿ ಹಾಗೆ ಸುಲಭವಾಗಿ ಮರಳುವುದಿಲ್ಲ. ಆದ್ದರಿಂದ ರಾತ್ರಿ ಮಲಗುವ ಮುಂಚೆ ಅಂಗಾಲು, ಬೆರಳ ಸಂದು ನೋಡಿಕೊಳ್ಳಿ. ಬಗ್ಗಲಾಗದ ಅಜ್ಜ ಅಜ್ಜಿಯ ಕಾಲನ್ನು ಮೊಮ್ಮಕ್ಕಳು ನೋಡಲಿ. ಒಂಬತ್ತನೇ ತರಗತಿಯವರೇ, ಇದು ನಿಮ್ಮ ಮನೆಗೆಲಸ.

ಊಟವಾದ ಮೇಲೆ ವಿಜ್ಞಾನದ ಕೊಠಡಿಯಲ್ಲಿ ನಾನೂ ಇಬ್ಬರು ನರ್ಸ್‌ಗಳೂ ಇರುತ್ತೇವೆ. ಶುಗರ್ ಇದ್ದವರು ಬಂದು ಚಪ್ಪಲಿ ಬಿಚ್ಚಿ ಕೂತುಕೊಳ್ಳಿ. ಕಾಲು ಕೊಳೆಯಾಗಿದೆ ಎಂದು ಸಂಕೋಚ ಬೇಡ, ತೊಳೆಯಲು ಬಕೆಟ್ ಇಟ್ಟಿದ್ದೇವೆ.