ನೆಲದೊಳಗಿನ ಪೈಪ್‌ಲೈನಿನ ಸೋರಿಕೆಯನ್ನು ಚಳಿಗಾಲದಲ್ಲಿಯೇ ಹುಡುಕಿರಿ

(ಗಟ ಮೇಳಾವೆಯಲ್ಲಿ ಕಬ್ಬು ಅಭಿವೃದ್ಧಿ ಅಧಿಕಾರಿಗಳು ಮಾಡಿದ ಭಾಷಣ)



ಕಾರ್ಖಾನೆಯ ಹಂಗಾಮು ಭರದಿಂದ ಸಾಗಿದೆ. ಕಬ್ಬು ಕಡಿಯುವ ಟೋಳಿ ನಮ್ಮ ಹೊಲಕ್ಕೆ ಎಂದು ಬಂದೀತು ಎಂಬ ಚಿಂತೆಯಲ್ಲಿಯೇ ಇಲ್ಲಿ ಅರ್ಧ ಜನ ಕುಳಿತಿದ್ದೀರಿ ಎಂಬುದು ನನಗೆ ಗೊತ್ತು. ಅದಕ್ಕೆ ಉತ್ತರವನ್ನು ಸ್ಲಿಪ್ ಬಾಯ್ ಕೊಡಲಿ. ನಾನು ಇಂದು ನೀರಿನ ಮಾತನ್ನು ಆಡುತ್ತೇನೆ. ಅದೂ ನೆಲದೊಳಗೆ ನಮಗೆ ಕಾಣದಂತೆ ಹೋಗುವ ನೀರಿನ ಮಾತು.

ಸೋಲಾಪುರ, ಅಕ್ಕಲಕೋಟ ಭಾಗದ ನಮಗೆ ನೀರಿನ ಅಭಾವ ಹೊಸದಲ್ಲ. 1972ರ ಬರ ಕಂಡ ಹಿರಿಯರು ಇಲ್ಲಿದ್ದಾರೆ. 2012-13ರಲ್ಲಿಯೂ 2015-16ರಲ್ಲಿಯೂ ನಿಂತ ಕಬ್ಬು ಒಣಗಿದ್ದನ್ನು ನಾವೆಲ್ಲ ಕಂಡಿದ್ದೇವೆ. ಆದರೂ ಬಾವಿಯ ತಳ ಕಂಡ ಮೇಲೆ, ಏಪ್ರಿಲ್ ತಿಂಗಳಲ್ಲಿ, ಪೈಪು ಸೋರುತ್ತಿದೆಯೇನೋ ಎಂದು ಗುದ್ದಲಿ ಹಿಡಿಯುವವರೇ ನಮ್ಮಲ್ಲಿ ಹೆಚ್ಚು. ಆಗ ಸೋರಿದ ನೀರು ಎರೆಯ ಬಿರುಕಿಗೆ ಇಳಿಯುತ್ತದೆ, ಮೇಲೆ ಬಂದದ್ದು ಬಿಸಿಲಿಗೆ ಆರುತ್ತದೆ. ಎಷ್ಟು ಅಗೆದರೂ ಜಾಗ ಸಿಗುವುದಿಲ್ಲ. ಮಳೆಗಾಲದಲ್ಲಿಯಂತೂ ಹೊಲವೇ ಹಸಿ. ಡಿಸೆಂಬರ್, ಜನವರಿ ಮಾತ್ರ ಈ ಕೆಲಸಕ್ಕೆ ಹೇಳಿ ಮಾಡಿಸಿದ ಕಾಲ. ಮಳೆ ಇಲ್ಲ, ಬಿಸಿಲಿಗೆ ಕಸುವಿಲ್ಲ, ಬಾವಿಯಲ್ಲಿ ಪರೀಕ್ಷೆ ಮಾಡುವಷ್ಟು ನೀರು ಇನ್ನೂ ಇದೆ.

ಸಣ್ಣ ತೂತಿನಿಂದ ಏನಾದೀತು ಎನ್ನುವವರಿಗೆ ಒಂದು ಲೆಕ್ಕ ಕೊಡುತ್ತೇನೆ. ಮಾಲದಂಡಿ ಜೋಳದ ದಪ್ಪ ಕಾಳಿನಷ್ಟು, ಅಂದರೆ 5 ಮಿಲಿಮೀಟರು ಅಗಲದ ತೂತು ಇದೆ ಎನ್ನಿರಿ. ಆ ಜಾಗದಲ್ಲಿ ನೀರಿನ ಒತ್ತಡ 2 ಕಿಲೋ, ಅಂದರೆ ಸುಮಾರು 20 ಮೀಟರು ಎತ್ತರದ ನೀರಿನಷ್ಟು. ಆ ತೂತಿನಿಂದ ತಾಸಿಗೆ ಸುಮಾರು 800 ಲೀಟರು ಹೋಗುತ್ತದೆ. ತೂತು ಎರಡು ಪಟ್ಟು ಅಗಲವಾದರೆ ನೀರು ನಾಲ್ಕು ಪಟ್ಟು ಹೋಗುತ್ತದೆ. ಮೋಟರು ದಿನಕ್ಕೆ 8 ತಾಸು ನಡೆದರೆ 10 ಮಿಲಿಮೀಟರಿನ ತೂತು 12 ದಿನದಲ್ಲಿ ಒಂದು ಎಕರೆಗೆ 3 ಇಂಚಿನ ಒಂದು ಪೂರ್ತಿ ನೀರನ್ನು ನುಂಗುತ್ತದೆ. ಕರೆಂಟಿನ ಪಾಳಿ ರಾತ್ರಿ ಬಂದಾಗ ಇದನ್ನು ನೋಡುವವರು ಯಾರೂ ಇರುವುದಿಲ್ಲ.

ಚಳಿಗಾಲದಲ್ಲಿ ಹೊಸ ಸೋರಿಕೆಯೂ ಹುಟ್ಟುತ್ತದೆ. ಪಿವಿಸಿ ಪೈಪು ತಂಪಿಗೆ ಕುಗ್ಗುತ್ತದೆ. 100 ಮೀಟರು ಉದ್ದದ ಪೈಪು 10 ಡಿಗ್ರಿ ತಂಪಾದರೆ 6ರಿಂದ 8 ಸೆಂಟಿಮೀಟರು ಕುಗ್ಗಲು ನೋಡುತ್ತದೆ. ಮೂರು ಫೂಟು ಆಳದಲ್ಲಿದ್ದ ಪೈಪಿಗೆ ಅಷ್ಟು ಚಳಿ ತಟ್ಟುವುದಿಲ್ಲ. ಹಳ್ಳ ದಾಟುವಲ್ಲಿ, ವಾಲ್ವಿನ ಹತ್ತಿರ, ಬದುವಿನಲ್ಲಿ ಮೇಲೆ ಬಂದ ಪೈಪಿಗೆ ತಟ್ಟುತ್ತದೆ. ಅದೇ ಹೊತ್ತಿಗೆ ಎರೆ ಭೂಮಿ ಆರಿ, ಬಿರಿದು, ಪೈಪನ್ನು ಪಕ್ಕಕ್ಕೆ ಎಳೆಯುತ್ತದೆ. ಆದ್ದರಿಂದ ಮೊದಲು ಸಂಶಯಪಡಬೇಕಾದದ್ದು ಕೂಡು ಜಾಗಗಳನ್ನು, ಬೆಂಡುಗಳನ್ನು.

ಇನ್ನು ಹುಡುಕುವ ಬಗೆ. ಬಹಳ ಜನ ಡ್ರಮ್ಮು ಇಟ್ಟು ಅಳೆಯುತ್ತಾರೆ: ಬಾವಿಯ ಹತ್ತಿರದ ವಾಲ್ವಿನಲ್ಲಿ ಡ್ರಮ್ಮು ತುಂಬಲು ಎಷ್ಟು ಸೆಕೆಂಡು, ಕೊನೆಯ ವಾಲ್ವಿನಲ್ಲಿ ಎಷ್ಟು ಎಂದು. ಇದನ್ನು ನಂಬಬೇಡಿರಿ. ಹತ್ತಿರದ, ತಗ್ಗಿನ ವಾಲ್ವಿನಲ್ಲಿ ಪಂಪಿಗೆ ಭಾರ ಕಡಿಮೆ, ಅದು ಹೆಚ್ಚು ನೀರು ಎತ್ತುತ್ತದೆ. ಲೈನು ಗಟ್ಟಿಯಾಗಿದ್ದರೂ ವ್ಯತ್ಯಾಸ ಬಂದೇ ಬರುತ್ತದೆ. ಡ್ರಮ್ಮಿನ ಉಪಯೋಗ ಬೇರೆ ಇದೆ. ಒಂದೇ ವಾಲ್ವಿನಲ್ಲಿ, ಬಾವಿಯ ನೀರು ಅದೇ ಮಟ್ಟದಲ್ಲಿದ್ದಾಗ, ಕಳೆದ ವರ್ಷ ಎಷ್ಟು ಸೆಕೆಂಡು, ಈ ವರ್ಷ ಎಷ್ಟು ಎಂದು ಬರೆದಿಟ್ಟರೆ ಅದು ಕೆಲಸಕ್ಕೆ ಬರುತ್ತದೆ.

ಸರಿಯಾದ ಪರೀಕ್ಷೆ ಎಂದರೆ ನಿಂತ ನೀರಿನ ಪರೀಕ್ಷೆ. ಬಾವಿಯಿಂದ ಎತ್ತರದ ಹೊಲಕ್ಕೆ ಏರುವ ಲೈನಿನಲ್ಲಿ ಎಲ್ಲ ಹೊರವಾಲ್ವುಗಳನ್ನು ಮುಚ್ಚಿರಿ, ತುದಿಯ ಗಾಳಿಕೊಳವೆಯನ್ನು ತೆರೆದಿಡಿರಿ. ಮೋಟರು ನಡೆಸಿ ಕೊಳವೆಯ ಬಾಯಿಯವರೆಗೆ ನೀರು ತುಂಬಿರಿ. ತುಂಬಿದ ಕೂಡಲೇ ಮೋಟರು ನಿಲ್ಲಿಸಿ ಬಾವಿಯ ಹತ್ತಿರದ ಗೇಟ್ ವಾಲ್ವನ್ನು ಮುಚ್ಚಿರಿ. ಒಂದು ತಾಸು ಬಿಟ್ಟು ನೋಡಿರಿ. ನೀರು ಇಳಿದಿದ್ದರೆ ಕೊಡದಿಂದ ಅಳೆದು ಮತ್ತೆ ತುಂಬಿರಿ; ಎಷ್ಟು ಕೊಡ ಹಿಡಿಯಿತೋ ಅಷ್ಟು ಆ ತಾಸಿನ ಸೋರಿಕೆ. ಗೇಟ್ ವಾಲ್ವು ಮುಚ್ಚದೆ ನಾನ್‌ರಿಟರ್ನ್ ವಾಲ್ವನ್ನೇ ನಂಬಿದರೆ ಮೋಸ ಹೋಗುತ್ತೀರಿ, ಹಳೆಯ ನಾನ್‌ರಿಟರ್ನ್ ವಾಲ್ವು ತಾನೇ ನೀರನ್ನು ಬಾವಿಗೆ ಬಿಡುತ್ತಿರುತ್ತದೆ.

ಬಾವಿಯ ಹತ್ತಿರ, ಗೇಟ್ ವಾಲ್ವಿನ ಮುಂದೆ, ಒಂದು ಪ್ರೆಶರ್ ಗೇಜು ಕೂಡಿಸಿದರೆ ಇನ್ನೂ ಒಂದು ಗುಟ್ಟು ತಿಳಿಯುತ್ತದೆ. ರಾತ್ರಿಯಿಡೀ ಹಾಗೆಯೇ ಬಿಡಿರಿ. ನೀರು ತೂತಿನ ಮಟ್ಟದವರೆಗೆ ಇಳಿದು ಅಲ್ಲಿ ನಿಲ್ಲುತ್ತದೆ. ಬೆಳಿಗ್ಗೆ ಗೇಜಿನ ಮುಳ್ಳು 1.2 ಕಿಲೋದಲ್ಲಿ ನಿಂತಿದ್ದರೆ, ಗೇಜಿನಿಂದ ಸುಮಾರು 12 ಮೀಟರು, ಅಂದರೆ 40 ಫೂಟು ಎತ್ತರದಲ್ಲಿ ತೂತು ಇದೆ ಎಂದರ್ಥ. ಎರಡು ತೂತು ಇದ್ದರೆ ತಗ್ಗಿನದನ್ನು ತೋರಿಸುತ್ತದೆ. ಮುಳ್ಳು ಸೊನ್ನೆಗೆ ಬಂದರೆ ಬಾವಿಯ ಮಗ್ಗುಲಲ್ಲಿಯೇ ನೋಡಿರಿ. ಏರುತ್ತಲೇ ಹೋಗುವ ಲೈನಿಗೆ ಮಾತ್ರ ಈ ಲೆಕ್ಕ. ನಡುವೆ ಹಳ್ಳ ದಿನ್ನೆ ಇದ್ದರೆ ನಡುವಿನ ವಾಲ್ವು ಮುಚ್ಚಿ ಅರ್ಧ ಅರ್ಧ ಭಾಗವನ್ನು ಬೇರೆಬೇರೆಯಾಗಿ ಪರೀಕ್ಷಿಸಬೇಕು.

ಭೀಮಾ ದಂಡೆಯ ಒಂದು ಊರಿನಲ್ಲಿ ಐದು ಜನರ ಕೂಡು ಲೈನು ಇದೆ. ಕೊನೆಯ ಹೊಲದವನಿಗೆ ಎರಡು ವರ್ಷದಿಂದ ನೀರು ಸಾಲುತ್ತಿರಲಿಲ್ಲ. ನಡುವಿನವನು ರಾತ್ರಿ ವಾಲ್ವು ತಿರುಗಿಸುತ್ತಾನೆ ಎಂದು ಇವನ ಮಾತು, ಪಾಳಿ ಮುಗಿಯುವ ಮೊದಲೇ ಇವನು ಮಲಗುತ್ತಾನೆ ಎಂದು ಅವನ ಮಾತು. ಇಬ್ಬರೂ ಅಣ್ಣತಮ್ಮಂದಿರ ಮಕ್ಕಳು. ಮದುವೆ ಮನೆಗೂ ಹೋಗದಷ್ಟಕ್ಕೆ ಬಂದಿತ್ತು. ಐದೂ ಜನರನ್ನು ಬಾವಿಯ ಕಟ್ಟೆಯ ಮೇಲೆ ನಿಲ್ಲಿಸಿಯೇ ವಾಲ್ವು ಮುಚ್ಚಿದೆವು. ಬೆಳಿಗ್ಗೆ ಮುಳ್ಳು ನಿಂತ ಮಟ್ಟಕ್ಕೆ ಅಗೆದಾಗ ಮೂರನೆಯವನ ಬದುವಿನ ಕೆಳಗೆ ಕೂಡು ಬಿಚ್ಚಿತ್ತು. ಅದರ ಮೇಲೆ ಹುಲ್ಲು ಹುಲುಸಾಗಿ ಬೆಳೆದಿತ್ತು, ಎಮ್ಮೆಗೆ ಮೇವೂ ಆಗಿತ್ತು. ಅವನು ಬೇಕೆಂದು ಮುಚ್ಚಿಟ್ಟನೆಂದು ನಾನು ಹೇಳಲಾರೆ. ಆದರೆ ಕೂಡು ಲೈನಿನ ಪರೀಕ್ಷೆಯನ್ನು ಎಲ್ಲ ಪಾಲುದಾರರ ಎದುರಿಗೇ ಮಾಡಿರಿ, ದುರಸ್ತಿಯ ಖರ್ಚು ಹೇಗೆ ಹಂಚಬೇಕೆಂದು ಅಗೆಯುವ ಮೊದಲೇ ಮಾತಾಡಿಕೊಳ್ಳಿರಿ. ಅಗೆದ ಮೇಲೆ ತೂತು ಯಾರ ಹೊಲದಲ್ಲಿ ಸಿಕ್ಕಿತೋ ಖರ್ಚು ಅವನದು ಎನ್ನುವವರು ಹುಟ್ಟಿಕೊಳ್ಳುತ್ತಾರೆ.

ಯಾವ ತುಂಡಿನಲ್ಲಿ ಸೋರಿಕೆ ಎಂದು ತಿಳಿದ ಮೇಲೆ ಕಣ್ಣಿಗೆ ಕೆಲಸ ಕೊಡಿರಿ. ಸೂರ್ಯೋದಯಕ್ಕೆ ಮೊದಲು ಮೋಟರು ಹಚ್ಚಿ ಲೈನಿನ ಗುಂಟ ನಡೆಯಿರಿ. ಬಾವಿಯ ನೀರು ಆಗ ಗಾಳಿಗಿಂತ ಬೆಚ್ಚಗಿರುತ್ತದೆ. ಅದು ಮೇಲೆ ಬಂದಲ್ಲಿ ತೆಳುವಾದ ಹಬೆ ಕಾಣಬಹುದು, ಬರಿಗಾಲಿಗೆ ನೆಲ ಬೆಚ್ಚಗೆ ಹತ್ತಬಹುದು. ಇಬ್ಬನಿಯಿಂದ ಎಲ್ಲ ನೆಲವೂ ಹಸಿಯಾಗಿರುವುದರಿಂದ ಹನ್ನೊಂದು ಗಂಟೆಗೆ ಮತ್ತೊಮ್ಮೆ ನಡೆಯಿರಿ. ಇಬ್ಬನಿ ಆರಿದ ಮೇಲೂ ಕಪ್ಪಗೆ ಉಳಿದದ್ದೇ ಸೋರಿಕೆ. ಬಿಳಿ ಉಪ್ಪು ಎದ್ದ ಪಟ್ಟಿ, ಸುರು ನಾಟಿಯಲ್ಲಿ ಮೊಳಕೆ ಏಳದೆ ತುಂಡು ಕೊಳೆತ ಜಾಗ, ಇವನ್ನೂ ನೋಡಿರಿ. ಚಳಿಗೆ ಎಳೆ ಕಬ್ಬು ಹಳದಿಯಾಗುವುದು ಹೊಲದ ತುಂಬ. ಪೈಪಿನ ಗುಂಟ ಪಟ್ಟಿಯಂತೆ ಹಳದಿಯಾಗಿದ್ದರೆ ಯೂರಿಯಾ ಹಾಕಲು ಓಡಬೇಡಿರಿ, ಬೇರಿಗೆ ನೀರು ಹೆಚ್ಚಾಗಿ ಉಸಿರು ಕಟ್ಟಿದೆ.

ನೀರು ಕಂಡ ಜಾಗವೇ ತೂತಿನ ಜಾಗವೆಂದು ತಿಳಿಯಬಾರದು. ಪೈಪು ಹೂಳಿದ ಚರಿಯ ಮಣ್ಣು ಸಡಿಲು; ನೀರು ಅದರಲ್ಲಿಯೇ ಇಳಿಜಾರಿನ ಕಡೆ ಹರಿದು ಎಷ್ಟೋ ದೂರ ಹೋಗಿ ಮೇಲೇಳುತ್ತದೆ. ಅಗೆಯುವುದು ಯಾವಾಗಲೂ ಏರಿನ ಕಡೆಗೆ.

ಕಿವಿಯ ಉಪಯೋಗವೂ ಇದೆ. ಕಬ್ಬಿಣದ ಸರಳಿನ ಒಂದು ತುದಿ ವಾಲ್ವಿನ ಮೇಲೆ, ಇನ್ನೊಂದು ಕಿವಿಯ ಹತ್ತಿರದ ಎಲುಬಿಗೆ. ಸುಂಯ್ ಎಂಬ ಸದ್ದು ಎಲ್ಲಿ ಹೆಚ್ಚೋ ತೂತು ಅಲ್ಲಿಗೆ ಹತ್ತಿರ. ಪ್ಲಾಸ್ಟಿಕ್ ಪೈಪಿನಲ್ಲಿ ಸದ್ದು ದೂರ ಸಾಗುವುದಿಲ್ಲ, ಕಬ್ಬಿಣದ ಪೈಪಿನಲ್ಲಿ ಚೆನ್ನಾಗಿ ಸಾಗುತ್ತದೆ. ಹಂಗಾಮಿನಲ್ಲಿ ನಮ್ಮ ಟ್ರ್ಯಾಕ್ಟರುಗಳ ಹಾಡು ರಾತ್ರಿಯೂ ನಿಲ್ಲುವುದಿಲ್ಲವಾದ್ದರಿಂದ ರಸ್ತೆಯ ಮಗ್ಗುಲಿನವರಿಗೆ ಇದು ಕಷ್ಟವೇ. ಸರಳನ್ನು ನೆಲಕ್ಕೆ ಬಡಿದು ಇಳಿಸಬೇಡಿರಿ. ಪೈಪಿನ ಗುಂಟವೇ ಕೇಬಲ್ ಹಾಕಿದವರು ನಮ್ಮಲ್ಲಿ ಬಹಳ ಇದ್ದಾರೆ. ಅಗೆಯುವಾಗಲೂ ಸ್ಟಾರ್ಟರಿನ ಫ್ಯೂಸು ತೆಗೆದು ಕಿಸೆಯಲ್ಲಿ ಇಟ್ಟುಕೊಳ್ಳಿರಿ.

ದುರಸ್ತಿಯಲ್ಲಿ ಒಂದೇ ಮಾತು. ಹಸಿ ಪೈಪಿಗೆ ಸೊಲ್ಯೂಷನ್ ಹಿಡಿಯುವುದಿಲ್ಲ, ಮತ್ತು ಚಳಿಯಲ್ಲಿ ಅದು ನಿಧಾನವಾಗಿ ಗಟ್ಟಿಯಾಗುತ್ತದೆ. ಒರೆಸಿ, ಆರಿಸಿ, ಬಿಸಿಲೇರಿದ ಮೇಲೆ ಕೂಡಿಸಿರಿ. ಮರುದಿನದವರೆಗೆ ಮೋಟರು ಹಚ್ಚಬೇಡಿರಿ. ಸುತ್ತಲೂ ಉಸುಕು ಇಲ್ಲವೆ ಜರಡಿ ಹಿಡಿದ ಮಣ್ಣು ಹಾಕಿ, ಎರೆ ಹೆಂಟೆಗಳನ್ನು ಮೇಲೆ ಮಾತ್ರ ತುಂಬಿರಿ. ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿದ ಮೇಲೆಯೇ ಚರಿಯನ್ನು ಮುಚ್ಚಬೇಕು.

ಗೇಜು ಬೇಕಾದವರು ಗಟ ಕಚೇರಿಯಲ್ಲಿ ಹೆಸರು ಬರೆಸಿರಿ. ಕೂಡು ಲೈನಿನವರಾದರೆ ಎಲ್ಲ ಪಾಲುದಾರರೂ ಇರುವ ದಿನವನ್ನು ನೀವೇ ಗೊತ್ತುಮಾಡಿ ತಿಳಿಸಿರಿ. ನಮ್ಮ ಸಿಬ್ಬಂದಿ ಬರುತ್ತಾರೆ. ಈಗ ಏನಾದರೂ ಕೇಳುವುದಿದ್ದರೆ ಕೇಳಿರಿ.